ಗಯದ ಗಡಿ ದಾಟಿದ ಮೇಲೆ

ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಹೊಳೆಗೆ ಇಳಿದು ನಿಂತವರಿಗೆ ಮೊದಲು ಕಾಣುವುದು ನೀರಲ್ಲ, ಮೀನಿನ ಬೆನ್ನು. ಒಂದು ಹಿಡಿ ಹೊದಳು ಎಸೆದರೆ ಹೊಳೆ ಕೊತಕೊತ ಕುದಿಯತೊಡಗುತ್ತದೆ. ಕಪ್ಪು ಬೆರೆತ ಹೊಂಬಣ್ಣದ ಮೈ, ರೂಪಾಯಿ ನಾಣ್ಯಕ್ಕಿಂತ ಅಗಲವಾದ ಹುರುಪೆ, ದಪ್ಪ ತುಟಿ, ಬಾಯಿಯ ಆಚೀಚೆ ಎರಡು ಜೊತೆ ಸಣ್ಣ ಮೀಸೆ. ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಹಿಮ್ಮಡಿಗೆ ಮೂತಿ ತಾಗಿಸಿ ಹೋಗುತ್ತವೆ. ಅವುಗಳಿಗೆ ಮನುಷ್ಯನ ಭಯವೇ ಇಲ್ಲ. ಎಷ್ಟೋ ತಲೆಮಾರುಗಳಿಂದ ಇಲ್ಲಿ ಯಾರೂ ಅವುಗಳ ಮೇಲೆ ಕೈಮಾಡಿಲ್ಲ.

ಇವು ಮಹಶೀರ್ ಮೀನುಗಳು. ತುಳುವಿನಲ್ಲಿ ಪೆರುವೊಳು, ಕಾವೇರಿ ತೀರದವರಿಗೆ ಬಿಳಿಮೀನು, ಇನ್ನು ಕೆಲವರಿಗೆ ಹರಗಿ. ನಮ್ಮ ಅಜ್ಜಿಯಂದಿರು ಈ ಯಾವ ಹೆಸರನ್ನೂ ಹೇಳುತ್ತಿರಲಿಲ್ಲ, ದೇವರ ಮೀನು ಎನ್ನುತ್ತಿದ್ದರು. ಮನೆಯಲ್ಲಿ ಮೀನು ತಿನ್ನುವವರೂ ಆ ನೀರಿನ ಮೀನನ್ನು ಮುಟ್ಟುತ್ತಿರಲಿಲ್ಲ. ಆದರೆ ಆ ನೀರು ಎಲ್ಲಿಯವರೆಗೆ ದೇವರದು, ಎಲ್ಲಿಂದಾಚೆಗೆ ಅಲ್ಲ ಎನ್ನುವುದೂ ಅವರಿಗೆ ಗೊತ್ತಿತ್ತು. ಗಯದ ಗಡಿ ದಾಟಿ ಕೆಳಗೆ ಹೋದ ಮೀನು ಯಾರದ್ದೂ ಆಗಬಹುದಿತ್ತು. ತುಳುವಿನಲ್ಲಿ ಗಯ ಎಂದರೆ ಹೊಳೆಯ ಆಳದ ಗುಂಡಿ, ಬೇಸಗೆಯಲ್ಲಿ ಹರಿವು ನಿಂತರೂ ನೀರು ಬತ್ತದ ಜಾಗ. ನಮ್ಮ ಕಡೆ ಮೀನು ಉಳಿದದ್ದು ಈ ಗಯಗಳಿಂದ.

ಈ ಲೇಖನದ ಪ್ರಶ್ನೆ ಹಳೆಯದು, ಇನ್ನೂ ತೀರ್ಮಾನವಾಗದ್ದು. ಕಾಯ್ದಿಟ್ಟ ಕಾಡಿನೊಳಗೆ ಹರಿಯುವ ನದಿಯಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕಬಹುದೇ? ಹಿಡಿದ ಮೀನನ್ನು ಜೀವಂತ ಬಿಟ್ಟುಬಿಡುವುದಾದರೆ ತಪ್ಪೇನು? ಗಾಳದವರು ಇದ್ದರೆ ಮೀನು ಉಳಿಯುತ್ತದೆಯೋ, ಅಳಿಯುತ್ತದೆಯೋ? ಕರ್ನಾಟಕದಲ್ಲಿ ಈ ಚರ್ಚೆ ನಡೆದದ್ದು ಕಾವೇರಿಯ ದಂಡೆಯಲ್ಲಿ. ಆದರೆ ಅದರ ಒಂದು ಬೇರು ದಕ್ಷಿಣ ಕನ್ನಡದಲ್ಲೇ ಇದೆ.

ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಆಗಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾದಲ್ಲಿ ಕಲೆಕ್ಟರ್ ಆಗಿದ್ದ. 1870ರಲ್ಲಿ ಈ ಜಿಲ್ಲೆಯ ಮೀನು ಸಾಕಣೆ ಮತ್ತು ಹೊಳೆಮೀನಿನ ಸ್ಥಿತಿಯ ಬಗ್ಗೆ ಒಂದು ವರದಿ ಬರೆದ. ಮೂರು ವರ್ಷಗಳ ಬಳಿಕ, 1873ರಲ್ಲಿ, ಅವನ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಿಂದಲೇ ಅಚ್ಚಾಗಿ ಹೊರಬಂತು. ಭಾರತದಲ್ಲಿ ಗಾಳ ಹಾಕುವವರೆಲ್ಲ ಮುಂದೆ ನೂರು ವರ್ಷ ಓದಿದ ಪುಸ್ತಕ ಅದು. ಅವನು ಮಹಶೀರನ್ನು ಮೆಚ್ಚಿದ್ದು ಅದರ ಕಸುವಿಗಾಗಿ. ಆದರೆ ಅವನಿಗೆ ಚಿಂತೆ ಹತ್ತಿಸಿದ್ದು ಬೇರೆಯೇ ಸಂಗತಿ: ಹೊಳೆಗೆ ನಂಜು ಹಾಕುವುದು, ಕಿರುಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಳಿದು ತೆಗೆಯುವುದು. ಆಟಕ್ಕಾಗಿ ಮೀನು ಹಿಡಿಯುವವನೇ ಮೀನಿಗಾಗಿ ಕಾನೂನು ಬೇಕೆಂದು ಕೇಳಿದ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಹಾಗೆಂದು ಗಾಳದ ಆಟ ಬ್ರಿಟಿಷರೊಡನೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಬಗೆಗಳು, ಅವುಗಳಿಗೆ ಹಾಕುವ ಮೇವು, ಕೋಲು, ದಾರ, ಕೊಕ್ಕೆ ಎಲ್ಲವೂ ಅಲ್ಲಿ ಬರುತ್ತವೆ. ಭಾರತದ ದೊಡ್ಡ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದನ್ನು ವಿಜ್ಞಾನದ ಕಣ್ಣಿನಿಂದ ಓದಿ ಪ್ರಕಟಿಸಿದ ಮೇಲೆ ಅದರ ಬೆಲೆ ಹೊರಗಿನವರಿಗೂ ತಿಳಿಯಿತು. ಅರಸನೊಬ್ಬ ಹೊಳೆಯ ದಂಡೆಯಲ್ಲಿ ಕೂತು ಯಾವ ಮೀನು ಕಲ್ಲಿನ ಸಂದಿಯಲ್ಲಿರುತ್ತದೆ, ಯಾವುದು ಮರಳಿನ ಮೇಲೆ ಎಂದು ಗಮನಿಸಿದ್ದಾನೆ ಎನ್ನುವುದು ನನಗೆ ಇಂದಿಗೂ ಖುಷಿ ಕೊಡುವ ವಿಷಯ. ಗಾಳದವನು ಹೊಳೆಯನ್ನು ನೋಡುವಷ್ಟು ಹೊತ್ತು ಬೇರೆ ಯಾರೂ ನೋಡುವುದಿಲ್ಲ. ಮುಂದಿನ ಮಾತಿಗೆ ಇದು ನೆನಪಿರಬೇಕು.

ಥಾಮಸ್‌ನಂಥವರು ಎತ್ತಿದ ದೂರಿಗೆ ಉತ್ತರ ಸಿಕ್ಕಿದ್ದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲಿ. ನೀರಿನಲ್ಲಿ ಸ್ಫೋಟಕ ಸಿಡಿಸಿ ಅಥವಾ ವಿಷ ಹಾಕಿ ಮೀನು ಕೊಲ್ಲುವುದು ಆ ಕಾಯ್ದೆಯಿಂದ ಅಪರಾಧವಾಯಿತು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ, ಇಲ್ಲವೇ 200 ರೂಪಾಯಿವರೆಗೆ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಕರ್ನಾಟಕವು ತನ್ನದೇ ಒಳನಾಡು ಮೀನುಗಾರಿಕೆ ಕಾಯ್ದೆ ಮಾಡಿಕೊಂಡದ್ದು 1996ರಲ್ಲಿ. ನಡುವಿನ ನೂರು ವರ್ಷಗಳಲ್ಲಿ ತೋಟೆ, ಅಂದರೆ ನೀರಿನಲ್ಲಿ ಸಿಡಿಸುವ ಸ್ಫೋಟಕ, ನಿಂತಿತೇ? ನಮ್ಮ ಊರುಗಳಲ್ಲಿ ಬೆಳೆದವರಿಗೆ ಆ ಉತ್ತರ ಗೊತ್ತು.

ನಾನು ಪುತ್ತೂರಿನ ಬಳಿಯ ಕಬಕದವನು. ನಮ್ಮಲ್ಲಿ ದೊಡ್ಡ ಹೊಳೆಯಿಲ್ಲ, ತೋಡುಗಳಷ್ಟೇ. ಹೊಳೆ ನೋಡಬೇಕೆಂದರೆ ಕುಮಾರಧಾರೆಯ ದಂಡೆಯಲ್ಲಿದ್ದ ಮಾವನ ಮನೆಗೆ ಹೋಗಬೇಕಿತ್ತು. ಎಪ್ರಿಲ್ ರಜೆಯ ಒಂದು ಬೆಳಿಗ್ಗೆ ಮೇಲಿನ ಗಯದಿಂದ ದಡ್ ಎಂದು ಸದ್ದು ಕೇಳಿತು. ನಾವು ಮಕ್ಕಳು ಓಡಿಹೋಗುವಷ್ಟರಲ್ಲಿ ತೋಟೆ ಹಾಕಿದವರು ದೊಡ್ಡ ಮೀನುಗಳನ್ನು ಗೋಣಿಗೆ ತುಂಬಿಕೊಂಡು ಹೋಗಿ ಆಗಿತ್ತು. ಉಳಿದದ್ದು ಬೆರಳುದ್ದದ ಮರಿಗಳು. ನೂರಾರು ಮರಿಗಳು ಹೊಟ್ಟೆ ಮೇಲಾಗಿ, ಬೆಳ್ಳಿಯ ಚೂರುಗಳ ಹಾಗೆ ದಡಕ್ಕೆ ಬಂದು ಬಡಿಯುತ್ತಿದ್ದವು. ಮಾವ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಗಾಳಿಚೀಲ ಒಡೆದಿತ್ತು. "ಇದು ಮೀನು ಹಿಡಿಯುವುದಲ್ಲ ಮಗಾ, ಹೊಳೆಯನ್ನೇ ಕೊಲ್ಲುವುದು" ಎಂದು ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮಾವ ಸ್ವತಃ ಬೀಸುಬಲೆ ಹಾಕುತ್ತಿದ್ದವರು. ಹಿಡಿಯುವುದಕ್ಕೂ ಕೊಲ್ಲುವುದಕ್ಕೂ ನಡುವೆ ಗೆರೆ ಎಳೆಯಲು ಅವರಿಗೆ ಯಾವ ಕಾಯ್ದೆಯೂ ಬೇಕಾಗಿರಲಿಲ್ಲ.

ಇನ್ನು ರಾಷ್ಟ್ರೀಯ ಉದ್ಯಾನಗಳ ಮಾತು. ನಮಗೆ ಹತ್ತಿರದ್ದು ನೇತ್ರಾವತಿ ಹುಟ್ಟುವ ಕುದುರೆಮುಖ. ಇನ್ನೊಂದು ಕುಮಾರಧಾರೆ ಹುಟ್ಟುವ ಪುಷ್ಪಗಿರಿ ವನ್ಯಜೀವಿಧಾಮ; 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಅದೂ ಒಂದು. ಎರಡಕ್ಕೂ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯಲ್ಲಿ ಮೀನಿನ ಸ್ಥಾನ ತುಸು ಗೋಜಲಿನದು. ಬೇಟೆಯ ನಿಷೇಧ ಇರುವುದು ಅನುಸೂಚಿಗಳಲ್ಲಿ ಹೆಸರಿಸಿದ ಪ್ರಾಣಿಗಳಿಗೆ. ಮೂಲ ಅನುಸೂಚಿಗಳಲ್ಲಿ ಮಹಶೀರ್ ಇರಲಿಲ್ಲ. 2001ರಲ್ಲಿ ಮೀನುಗಳನ್ನು ಸೇರಿಸಿದಾಗಲೂ ಒಳಬಂದದ್ದು ತಿಮಿಂಗಿಲ ಶಾರ್ಕ್, ಕಡಲಕುದುರೆಯಂಥ ಕಡಲಿನ ಜೀವಿಗಳೇ. ಹುಲಿಯಷ್ಟೇ ಅಪರೂಪವಾಗುತ್ತಿದ್ದ ಹೊಳೆಮೀನಿಗೆ ಕಾಡಿನ ಹೊರಗೆ ಈ ಕಾಯ್ದೆಯ ಆಸರೆ ಇರಲಿಲ್ಲ.

ಆದರೆ ಧಾಮದ ಅಥವಾ ಉದ್ಯಾನದ ಗಡಿಯೊಳಗೆ ಹಾಗಲ್ಲ. ಅಲ್ಲಿ 29 ಮತ್ತು 35ನೇ ಸೆಕ್ಷನ್‌ಗಳು ಯಾವುದೇ ವನ್ಯಜೀವಿಯನ್ನು ನಾಶ ಮಾಡುವುದನ್ನು, ಬಳಸಿಕೊಳ್ಳುವುದನ್ನು, ಹೊರಸಾಗಿಸುವುದನ್ನು ತಡೆಯುತ್ತವೆ. ವನ್ಯಜೀವಿ ಎಂಬ ಪದದ ವ್ಯಾಪ್ತಿಯಲ್ಲಿ ಮೀನೂ ಬರುತ್ತದೆ, ಅದರ ಮೊಟ್ಟೆಯೂ ಬರುತ್ತದೆ. ಅಧ್ಯಯನ, ಛಾಯಾಚಿತ್ರ, ಪ್ರವಾಸ ಮುಂತಾದವಕ್ಕೆ ಒಳಬರಲು ಪರವಾನಿಗೆ ಕೊಡುವ ಸೆಕ್ಷನ್‌ನಲ್ಲಿ ಗಾಳದ ಹೆಸರಿಲ್ಲ. ಹಿಡಿದು ಬಿಟ್ಟರೆ ಅದು ತೆಗೆದಂತಾಗುತ್ತದೆಯೇ ಎಂದು ಗಾಳದ ಹವ್ಯಾಸಿಗಳು ವಾದಿಸಬಹುದು, ವಾದಿಸಿದ್ದಾರೆ ಕೂಡ. ಆದರೆ ಕಾಯ್ದೆಯ ಒಲವು ಯಾವ ಕಡೆಗೆ ಎನ್ನುವುದರಲ್ಲಿ ಸಂದೇಹ ಬೇಡ.

ಅದೇ 29ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಧಾಮದೊಳಗೆ ಬರುವ ಅಥವಾ ಹೊರಹೋಗುವ ನೀರಿನ ಹರಿವನ್ನು ತಿರುಗಿಸುವುದು, ತಡೆಯುವುದು, ಹೆಚ್ಚಿಸುವುದು ಕೂಡ ಅಲ್ಲಿ ನಿಷಿದ್ಧ. ಕಾನೂನು ಬರೆದವರಿಗೆ ಮೀನಿಗೂ ನೀರಿಗೂ ಇರುವ ನಂಟು ಗೊತ್ತಿತ್ತು. ಗಡಿಯ ಆಚೆ ಆ ತಿಳಿವಳಿಕೆ ಕೈಬಿಟ್ಟುಹೋಯಿತು.

ಈಗ ಕಾವೇರಿಗೆ ಹೋಗೋಣ. ಗಾಳದ ನಿಯಮಗಳ ನಿಜವಾದ ಪರೀಕ್ಷೆ ನಡೆದದ್ದು ಅಲ್ಲೇ. ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದದ್ದು ದಾಖಲೆ. ಸ್ವಾತಂತ್ರ್ಯದ ಬಳಿಕ ಈ ಹವ್ಯಾಸ ಮಂಕಾಗಿತ್ತು. 1977-78ರಲ್ಲಿ ಬ್ರಿಟನ್ನಿನ ಒಂದು ತಂಡ ಬಂದು ಕಾವೇರಿಯ ದೈತ್ಯಮೀನುಗಳನ್ನು ಮತ್ತೆ ಹಿಡಿದು ತೋರಿಸಿದ ಮೇಲೆ ಜಗತ್ತಿನ ಗಾಳದವರೆಲ್ಲ ಈ ಕಡೆ ತಿರುಗಿದರು. 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಪಟ್ಟಿಯನ್ನು ಗುತ್ತಿಗೆಗೆ ಪಡೆದು ಕಾಯತೊಡಗಿತು. ಕೊಡಗಿನ ವಾಲ್ನೂರಿನ ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಅದೇ ಕೆಲಸ ಮಾಡಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ರಾಜ್ಯ ಸರಕಾರದ ಪ್ರವಾಸಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಶಿಬಿರಗಳು ಬಂದವು.

ಅಲ್ಲಿನ ನಿಯಮ ಸರಳವಾಗಿತ್ತು. ಹಿಡಿದ ಮೀನನ್ನು ತೂಕ ನೋಡಿ, ಪಟ ತೆಗೆದು, ಮತ್ತೆ ನೀರಿಗೆ ಬಿಡಬೇಕಿತ್ತು. ಕೊಲ್ಲುವಂತಿರಲಿಲ್ಲ. ಹರಿಗೋಲಿನಲ್ಲಿ ಕೂತು, ಮಸಾಲೆ ಬೆರೆಸಿ ಬೇಯಿಸಿದ ರಾಗಿ ಮುದ್ದೆಯ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ಬಂಡೆಗಳ ನಡುವಿನ ಸುಳಿಗೆ ಎಸೆಯುತ್ತಿದ್ದರು. ಮೀನು ಕಚ್ಚಿದರೆ ಒಮ್ಮೊಮ್ಮೆ ತಾಸುಗಟ್ಟಲೆ ಜಗ್ಗಾಟ. ಆ ಉಂಡೆಯ ಹದ ಬಲ್ಲವರು, ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆಂದು ಬಲ್ಲವರು ಸ್ಥಳೀಯರೇ. ಅವರಲ್ಲಿ ಎಷ್ಟೋ ಜನ ಹಿಂದೆ ಕದ್ದು ಬಲೆ ಹಾಕುತ್ತಿದ್ದವರು, ತೋಟೆ ಹಾಕುತ್ತಿದ್ದವರು. ಈಗ ಅವರಿಗೆ ಸಂಬಳ ಬಂತು, ಬದುಕಿರುವ ಮೀನಿನಿಂದ ಹೊಟ್ಟೆ ತುಂಬತೊಡಗಿತು. ರಾತ್ರಿ ತೋಟೆಯ ಸದ್ದು ಕೇಳಿದರೆ ಮೊದಲು ಓಡುತ್ತಿದ್ದವರು ಅವರೇ.

1987ರಲ್ಲೇ ಕಾವೇರಿ ವನ್ಯಜೀವಿಧಾಮದ ಘೋಷಣೆಯಾಗಿತ್ತು, ಶಿಬಿರಗಳ ನದಿಪಟ್ಟಿ ಅದರೊಳಗೆ ಇತ್ತು. ಹಲವು ವರ್ಷ ಎರಡೂ ಜೊತೆಯಲ್ಲಿ ನಡೆದವು. ಕೊನೆಗೆ ಕಾಯ್ದೆಯನ್ನು ಬಿಗಿಯಾಗಿ ಓದಿದಾಗ ಗಾಳಕ್ಕೆ ಜಾಗವಿಲ್ಲವೆಂದಾಯಿತು. 2012ರ ಹೊತ್ತಿಗೆ ಧಾಮದೊಳಗಿನ ಗಾಳ ಸಂಪೂರ್ಣ ನಿಂತಿತು. ಬೆನ್ನಲ್ಲೇ ವಾದವೂ ಶುರುವಾಯಿತು. ಆಡ್ರಿಯನ್ ಪಿಂಡರ್ ಮತ್ತು ರಾಜೀವ್ ರಾಘವನ್ ಎಂಬ ಮೀನುವಿಜ್ಞಾನಿಗಳು 2013ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಗಾಳದ ಹವ್ಯಾಸದಿಂದ ಮಹಶೀರಿಗೆ ಒಳಿತಾಗಿದೆ ಎಂದು ಬರೆದರು. ಕಾವಲಿಗೆ ಹಣ ಕೊಡುತ್ತಿದ್ದ ಆದಾಯ ನಿಂತರೆ ಕಾಯುವವರು ಯಾರು ಎನ್ನುವುದು ಅವರ ಪ್ರಶ್ನೆ.

ನನಗೆ ಅವರ ಪ್ರಶ್ನೆಯಲ್ಲಿ ಹುರುಳಿದೆ ಅನ್ನಿಸುತ್ತದೆ. ನಿಷೇಧದ ಕಾಗದ ತಾನಾಗಿ ಹೊಳೆಯ ದಂಡೆಯಲ್ಲಿ ರಾತ್ರಿ ಎದ್ದು ಕೂರುವುದಿಲ್ಲ. ಆದರೂ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಒಳಗೆ ಗಾಳ ಬೇಡ ಎನ್ನುವ ಕಡೆಯೇ ನಾನು. ಜಿಂಕೆಯನ್ನು ಬಲೆಯಲ್ಲಿ ಕೆಡವಿ, ಪಟ ತೆಗೆದು ಬಿಟ್ಟರೆ ನಾವು ಒಪ್ಪುತ್ತೇವೆಯೇ? ಮೀನು ಕೂಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಬೇರೆ ನ್ಯಾಯ ಆಗಬಾರದು. ಧಾಮದ ಹೊರಗಿನ ಪಟ್ಟಿಗಳ ಮಾತು ಬೇರೆ. ಅಲ್ಲಿ ಮೀನು ಹಿಡಿಯುವುದು ಹೇಗೂ ನಡೆಯುತ್ತದೆ. ಕಟ್ಟುನಿಟ್ಟಿನ ಗಾಳ, ತೋಟೆಗಿಂತ ಸಾವಿರ ಪಾಲು ಮೇಲು.

ಕಟ್ಟುನಿಟ್ಟು ಎಂದರೆ ಏನು ಎನ್ನುವುದನ್ನೂ ಬಲ್ಲವರು ಹೇಳಿದ್ದಾರೆ. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು, ಆಗ ಅದು ತುಟಿ ಹರಿಯದೆ ಕಳಚಿಕೊಳ್ಳುತ್ತದೆ. ಜಗ್ಗಾಟ ಉದ್ದವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಆಮ್ಲ ತುಂಬಿ ಅದು ಸೋಲುತ್ತದೆ, ಆದ್ದರಿಂದ ಗಟ್ಟಿ ದಾರ ಬೇಕು, ಬೇಗ ಮುಗಿಸಬೇಕು. ಒಣಗಿದ ಕೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಕಿತ್ತು ರೋಗ ತಗಲುತ್ತದೆ. ನೀರಿನಿಂದ ಮೇಲೆತ್ತದೆ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಬೇಕು. ಬೇಸಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಆಗ ಗಾಳವೇ ಬೇಡ. ಮೊಟ್ಟೆಯಿಡುವ ಮಳೆಗಾಲದಲ್ಲಂತೂ ಬೇಡವೇ ಬೇಡ.

ಕಾವೇರಿಯ ಕತೆಯಲ್ಲಿ ಇದಕ್ಕಿಂತ ದೊಡ್ಡ ಪಾಠವೊಂದಿದೆ, ಅದು ಬಯಲಾದದ್ದು ಗಾಳದವರ ಲೆಕ್ಕಪುಸ್ತಕಗಳಿಂದಲೇ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದುಬಿಟ್ಟ 6 ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ವಿವರವನ್ನು ಪಿಂಡರ್ ತಂಡ ಲೆಕ್ಕ ಹಾಕಿ ನೋಡಿತು. ಮೀನಿನ ಸಂಖ್ಯೆ ಏರಿತ್ತು. ಆದರೆ ಏರಿದ್ದು ಕಾವೇರಿಯ ಮೂಲನಿವಾಸಿಯಲ್ಲ. ಡುಬ್ಬದ ಬೆನ್ನಿನ, ಕೇಸರಿ ರೆಕ್ಕೆಯ ಆ ದೈತ್ಯ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು ಕೊನೆಗೆ ಕೈಗೆ ಸಿಗುವುದೇ ಅಪರೂಪವಾಗಿತ್ತು. ಅದರ ಜಾಗ ಹಿಡಿದದ್ದು ನೀಲಿ ರೆಕ್ಕೆಯ ದಖ್ಖನ್ ಮಹಶೀರ್, 1839ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಸೈಕ್ಸ್ ಪುಣೆಯ ಬಳಿಯ ಮುಳಾ-ಮುಠಾ ನದಿಯಿಂದ ವರ್ಣಿಸಿದ ಜಾತಿ. 1970ರ ದಶಕದಿಂದ ಲೋನಾವಳದ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ ಅದರ ಮರಿ ಮಾಡಿಸಿ ದೇಶದ ನಾನಾ ನದಿಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು.

ಇನ್ನೂ ನೋವಿನ ಸಂಗತಿಯೆಂದರೆ, ಲೋಕವೆಲ್ಲ ಪಟ ತೆಗೆದುಕೊಂಡ ಆ ಡುಬ್ಬದ ಮೀನಿಗೆ ಶಾಸ್ತ್ರೀಯ ಹೆಸರೇ ಗೊತ್ತಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ಆಗಲೇ ವರ್ಣಿಸಿದ್ದ, ಮತ್ಸ್ಯವಿಜ್ಞಾನಿ ರೆಮಾದೇವಿ ಅವರ ಹೆಸರಿನ ಟಾರ್ ರೆಮಾದೇವಿಯೇ ಅದು ಎಂದು ಖಚಿತವಾದದ್ದು 2018ರಲ್ಲಿ. ಅದೇ ಹೊತ್ತಿಗೆ ಅದು ತೀರಾ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೂ ಸೇರಿತು. ಕಾವೇರಿಯ ಮೇಕೆದಾಟಿನಲ್ಲಿ ಅಣೆಕಟ್ಟು ಬಂದರೆ ಉಳಿದ ನೆಲೆಯಲ್ಲೂ ದೊಡ್ಡ ಪಾಲು ನಿಂತ ನೀರಿನಡಿ ಹೋಗುತ್ತದೆ. ಹಿಡಿದು ಬಿಡುವ ನಿಯಮವನ್ನು ಅಕ್ಷರಶಃ ಪಾಲಿಸಿದ ನದಿಯಲ್ಲೇ ಮೂಲಮೀನು ನಂದುತ್ತ ಹೋಯಿತು. ಕೊಕ್ಕೆಯ ಮೇಲೆ ಕಣ್ಣಿಟ್ಟ ನಿಯಮ, ಬಕೆಟ್ಟಿನಲ್ಲಿ ಬಂದ ಮರಿಯನ್ನು ನೋಡಲಿಲ್ಲ.

ಅಮೆರಿಕದ ಯೆಲ್ಲೋಸ್ಟೋನ್ ಇದೇ ಪಾಠವನ್ನು ಬೇರೆ ದಾರಿಯಲ್ಲಿ ಕಲಿಯಿತು. 1872ರಲ್ಲಿ ಸ್ಥಾಪನೆಯಾದ ಆ ಉದ್ಯಾನದಲ್ಲಿ ಗಾಳಕ್ಕೆ ಇಂದಿಗೂ ಅವಕಾಶವಿದೆ, ಪರವಾನಿಗೆ ಬೇಕು, ಹಿಮ್ಮುಳ್ಳು ಇಲ್ಲದ ಕೊಕ್ಕೆ ಕಡ್ಡಾಯ. ಅಲ್ಲಿನ ದೊಡ್ಡ ಸರೋವರದಲ್ಲಿ 1994ರಲ್ಲಿ ಹೊರಗಿನ ಲೇಕ್ ಟ್ರೌಟ್ ಮೀನು ಪತ್ತೆಯಾಯಿತು. ಮೂಲದ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆಯಿಡಲು ಸಣ್ಣ ತೊರೆಗಳಿಗೆ ಏರುವಾಗ ಕರಡಿ, ನೀರುನಾಯಿ, ಹದ್ದುಗಳ ಹೊಟ್ಟೆ ತುಂಬುತ್ತಿತ್ತು. ಹೊಸ ಮೀನು ಆಳದಲ್ಲೇ ಇದ್ದು ಮೂಲಮೀನನ್ನು ತಿಂದು ಮುಗಿಸತೊಡಗಿತು, ದಡದ ಪ್ರಾಣಿಗಳಿಗೆ ಅದು ದಕ್ಕುವುದಿಲ್ಲ. ಹಾಗಾಗಿ ಅಲ್ಲಿನ ನಿಯಮ ಎರಡು ಬಗೆ: ಮೂಲಮೀನು ಸಿಕ್ಕರೆ ಬಿಡಲೇಬೇಕು, ಆ ಸರೋವರದ ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಗಾಳದವನಿಗೆ ಮೀನಿನ ಗುರುತು ತಿಳಿದಿರಲೇಬೇಕಾದ ಕಾನೂನು ಅದು.

ಇಷ್ಟನ್ನೆಲ್ಲ ತಿಳಿದ ಮೇಲೆ ನಮ್ಮ ಪುತ್ತೂರು, ಸುಳ್ಯ, ಕಡಬದ ಹೊಳೆಗಳಿಗೆ ಮರಳಿದರೆ ಕಾಣುವುದೇನು? ಸುಬ್ರಹ್ಮಣ್ಯದ ಕುಮಾರಧಾರಾ ಸ್ನಾನಘಟ್ಟ, ಏನೆಕಲ್ಲು, ಕಡಬದ ಕಡೆಯ ನಾಕೂರು ಗಯ, ತೊಡಿಕಾನ, ಪಕ್ಕದ ಬೆಳ್ತಂಗಡಿ ತಾಲೂಕಿನ ಶಿಶಿಲ. ಇಷ್ಟು ಹತ್ತಿರ ಹತ್ತಿರದಲ್ಲಿ ಇಷ್ಟು ಮತ್ಸ್ಯಧಾಮಗಳು ರಾಜ್ಯದಲ್ಲಿ ಬೇರೆಡೆ ಸಿಗುವುದು ಕಷ್ಟ. ಶೃಂಗೇರಿ, ರಾಮನಾಥಪುರ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಗಳೂ ಇದೇ ಬಳಗದವು. ಗಾಳವೇ ಇಲ್ಲ, ಬಲೆಯೇ ಇಲ್ಲ ಎನ್ನುವ ನಿಯಮ ಇಲ್ಲಿ ಸರಕಾರಕ್ಕಿಂತ ಹಳೆಯದು. ಇಲಾಖೆ ಬಂದು ಫಲಕ ಹಾಕಿದ್ದು ಆಮೇಲೆ.

ಆದರೆ ನಂಬಿಕೆಯ ಕಾವಲೂ ಸೋಲುತ್ತದೆ. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದರು. ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಊರವರು ಆ ಮೀನುಗಳಿಗಾಗಿ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಊರು ಎಷ್ಟಿವೆ? ಕೆಲವು ವರ್ಷಗಳಲ್ಲಿ ಗಯ ಮತ್ತೆ ತುಂಬಿತು. ಮೇಲಿನ, ಕೆಳಗಿನ ಹೊಳೆಯಲ್ಲಿ ಇನ್ನೂ ಮೀನು ಉಳಿದಿತ್ತು, ಅದಕ್ಕೇ ತುಂಬಿತು. ಆ ಎರಡು ತುದಿಗಳಲ್ಲೂ ಮೀನಿಲ್ಲದೆ ಹೋಗಿದ್ದರೆ ಸ್ಮಾರಕವಷ್ಟೇ ಉಳಿಯುತ್ತಿತ್ತು.

ನಾನು ಹೇಳಬೇಕೆಂದಿರುವುದು ಇಲ್ಲಿಗೆ ಬಂತು. ಮಹಶೀರ್ ಒಂದೇ ಗುಂಡಿಯಲ್ಲಿ ಹುಟ್ಟಿ ಸಾಯುವ ಮೀನಲ್ಲ. ಬೇಸಗೆಯಲ್ಲಿ ಗಯದಲ್ಲಿ ತಂಗಿ, ಮಳೆ ಬಂದು ಹೊಳೆ ಏರಿದಾಗ ಮೇಲಕ್ಕೆ ಹೋಗಿ, ಜಲ್ಲಿಕಲ್ಲಿನ ಮೇಲೆ ತಿಳಿನೀರು ಓಡುವ ಕಡೆ ಕಂತುಕಂತಾಗಿ ಮೊಟ್ಟೆಯಿಡುತ್ತದೆ. ಮರಿಗಳು ಕಲ್ಲಿನ ಪಾಚಿ, ನೀರುಹುಳ ತಿಂದು, ದಡದ ಅತ್ತಿಮರದಿಂದ ಉದುರುವ ಹಣ್ಣಿಗೆ ಕಾದು, ನಿಧಾನವಾಗಿ ಬೆಳೆಯುತ್ತವೆ. ಗಾಳದ ನಿಯಮ, ದೇವಸ್ಥಾನದ ನಿಯಮ, ಉದ್ಯಾನದ ನಿಯಮ ಮೂರೂ ಒಂದು ಜಾಗವನ್ನು ಕಾಯುತ್ತವೆ. ಮೀನಿಗೆ ಬೇಕಾದದ್ದು ಜಾಗಗಳ ನಡುವಿನ ದಾರಿ.

ಆ ದಾರಿಯಲ್ಲಿ ಮೊದಲ ತೊಡಕು ಮಳೆಗಾಲದ್ದೇ. ನಮ್ಮ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. 61 ದಿನ ಮೀನು ಮೊಟ್ಟೆಯಿಡಲಿ ಎಂದು ಬಂದರುಗಳು ಬಾಗಿಲು ಹಾಕುತ್ತವೆ. ಪುತ್ತೂರಿನ ಮೀನು ಮಾರುಕಟ್ಟೆಗೆ ಹೋಗುವ ಪ್ರತಿಯೊಬ್ಬರಿಗೂ ಇದು ಗೊತ್ತು. ಹೊಳೆಮೀನು ಮೊಟ್ಟೆಯಿಡುವುದೂ ಅದೇ ದಿನಗಳಲ್ಲಿ. ಕಡಲಮೀನು ಸಿಗದ ಆ ಹೊತ್ತಿಗೇ ನಮ್ಮಲ್ಲಿ ಉಬರ್ ಮೀನಿನ ಸಂಭ್ರಮ. ಮೊದಲ ಮಳೆಗೆ ತೋಡು, ಗದ್ದೆಗಳಿಗೆ ಏರಿಬರುವ ಮೀನನ್ನು ರಾತ್ರಿ ಟಾರ್ಚು ಹಿಡಿದು ಕಡಿಯುವುದು, ಕಂಡಿಗೆ ಬಲೆ ಕಟ್ಟುವುದು. ನಾನೂ ಚಿಕ್ಕವನಿದ್ದಾಗ ಆ ಟಾರ್ಚು ಹಿಡಿದಿದ್ದೇನೆ. ಹೊಟ್ಟೆ ಸೀಳಿದರೆ ತುಂಬ ಹಳದಿ ಮೊಟ್ಟೆ. ಅಂದು ಅದು ರುಚಿಯ ಮಾತಾಗಿತ್ತು. ಕಾಗದದಲ್ಲಿ ಏನೇ ನಿಯಮವಿರಲಿ, ಹೊಳೆಗೂ ಕಡಲಿನ ಹಾಗೆ ಎರಡು ತಿಂಗಳ ರಜೆ ಇರಬೇಕು ಎನ್ನುವ ಮಾತು ನಮ್ಮ ಮನೆಗಳೊಳಗೆ ಇನ್ನೂ ಬಂದಿಲ್ಲ.

ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕಾಲವೂ ಅದೇ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೊರ್ಡೋ ಇಲ್ಲದೆ ನಮ್ಮ ತೋಟ ನಡೆಯುವುದಿಲ್ಲ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಉಳಿದ ಮದ್ದನ್ನು ತೋಡಿಗೆ ಚೆಲ್ಲುವುದು, ಡ್ರಮ್ಮು, ಪಂಪು, ಪೈಪುಗಳನ್ನು ತೋಡಿನಲ್ಲೇ ತೊಳೆಯುವುದು ಖಂಡಿತ ಬಿಡಬಹುದು. ತಾಮ್ರ ಮೀನಿನ ಕಿವಿರಿಗೆ ವಿಷ, ಮರಿಗೆ ಇನ್ನೂ ಹೆಚ್ಚು. ತೋಟದ ಮೂಲೆಯಲ್ಲಿ ಒಂದು ಗುಂಡಿ ತೋಡಿ ಅಲ್ಲಿ ತೊಳೆದರೆ ಮುಗಿಯಿತು.

ಅಣೆಕಟ್ಟುಗಳ ವಿಷಯ ಇದಕ್ಕಿಂತ ಗಂಭೀರ. ಹಿಂದೆ ನಮ್ಮಲ್ಲಿ ವರ್ಷವರ್ಷವೂ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಕಟ್ಟುತ್ತಿದ್ದರು. ಗಡಿಯಾಚೆ ಕಾಸರಗೋಡಿನ ಏತಡ್ಕದಲ್ಲಿ ಆ ಪರಂಪರೆ ಹೆಸರುವಾಸಿ. ಬೇಸಗೆಗೆ ನೀರು ನಿಲ್ಲಿಸಿದ ಕಟ್ಟ ಮೊದಲ ನೆರೆಗೆ ತಾನೇ ಕೊಚ್ಚಿಹೋಗಿ ಮೀನಿಗೆ ದಾರಿ ಬಿಡುತ್ತಿತ್ತು. ಈಗ ಬಂದಿರುವ ಕಿಂಡಿ ಅಣೆಕಟ್ಟಿನ ಹಲಗೆಯನ್ನು ಮನುಷ್ಯರೇ ತೆಗೆಯಬೇಕು. ತೆಗೆಯುವುದು ತಡವಾದರೆ ಮೊದಲು ಏರಹೊರಟ ಮೀನು ಗೋಡೆಗೆ ಮೂತಿ ಬಡಿದುಕೊಳ್ಳುತ್ತದೆ, ಕೆಳಗೆ ಬಲೆ ಹಿಡಿದವರು ಕಾದಿರುತ್ತಾರೆ. ಹಲಗೆ ತೆಗೆಯುವ ದಿನವನ್ನು ಪಂಚಾಯತು ಮೀನಿನ ಲೆಕ್ಕದಲ್ಲೂ ನಿಗದಿ ಮಾಡಬೇಕು. ಅದಕ್ಕೆ ಹಣವೇನೂ ಬೇಕಿಲ್ಲ.

ಘಟ್ಟದ ಮೇಲಿನ ಕತೆ ನಮ್ಮ ಪಂಚಾಯತುಗಳ ಕೈ ಮೀರಿದ್ದು. ಕುಮಾರಧಾರೆಯನ್ನು ಸೇರುವ ಗುಂಡ್ಯ ಹೊಳೆಯ ತಾಯಿಬೇರುಗಳು ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಅಲ್ಲಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಚಾಲನೆಗೊಂಡಿತು. ಎತ್ತುವುದು ಮಳೆಗಾಲದ ನೀರು ಮಾತ್ರ ಎನ್ನುತ್ತಾರೆ. ಮೀನಿಗೆ ಬೇಕಾದದ್ದೂ ಮಳೆಗಾಲದ ನೀರೇ. ಅದು ಏರುವುದು ಆ ನೀರಿನ ಬಲದಿಂದ, ಜಲ್ಲಿಯ ಮೇಲಿನ ಕೆಸರನ್ನು ತೊಳೆಯುವುದೂ ಅದೇ ನೆರೆ. ಧಾಮದ ಗಡಿಯೊಳಗೆ ಹರಿವು ತಿರುಗಿಸುವುದನ್ನು ಅಪರಾಧವೆಂದ ನಾಡು, ಗಡಿಯಾಚೆ ಅದನ್ನೇ ಅಭಿವೃದ್ಧಿ ಎಂದು ಕರೆಯುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಹೊಸ್ಮಠದಲ್ಲಿ ಗುಂಡ್ಯ ಹೊಳೆಯ ಮಳೆಗಾಲದ ಕೆಂಪುನೀರನ್ನು ಕಂಡವರು ಯಾರೂ ಅದು ವ್ಯರ್ಥವಾಗಿ ಹರಿಯುತ್ತಿದೆ ಎನ್ನಲಾರರು.

ಹಾಗಾದರೆ ನಮ್ಮ ಹೊಳೆಗಳಿಗೆ ಗಾಳದ ಶಿಬಿರ ತರಬೇಕೇ? ಬೇಡ ಎನ್ನುತ್ತೇನೆ. ದೇವರ ಮೀನಿನ ಮೇಲಿನ ಗೌರವ ಇಲ್ಲಿ ಇನ್ನೂ ಜೀವಂತ ಇದೆ, ಅದರ ಬಾಯಿಗೆ ಕೊಕ್ಕೆ ಸಿಕ್ಕಿಸಿ ಪಟ ತೆಗೆಯುವುದು ಶುರುವಾದರೆ ಆ ಗೌರವ ಸಡಿಲವಾಗುತ್ತದೆ. ಆದರೆ ಕಾವೇರಿಯಿಂದ ಎರಡು ಸಂಗತಿಗಳನ್ನು ತರಲೇಬೇಕು. ಒಂದು, ಹೊಳೆ ಬಲ್ಲ ಸ್ಥಳೀಯರಿಗೆ ಸಂಬಳ ಕೊಟ್ಟು ಕಾವಲಿಗೆ ಹಾಕುವುದು. ಹಿಂದೆ ತೋಟೆ ಹಾಕಿದವನೇ ಆದರೂ ಸರಿ, ಗಯದಿಂದ ಗಯದವರೆಗೆ ಅವನು ನಡೆಯಲಿ. ದೇವಸ್ಥಾನಗಳಿಗೆ ಬರುವ ಮೀನಿನ ಹರಕೆಯ ಹಣದಲ್ಲಿ ಒಂದು ಪಾಲು ಇದಕ್ಕೆ ಹೋದರೆ ಅದು ದೇವರಿಗೇ ಸಂದಂತೆ. ಇನ್ನೊಂದು, ಹೊರಗಿನ ಮರಿ ಬಿಡದಿರುವುದು. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರವಿದೆ, ಮರಿ ಸುಲಭವಾಗಿ ಸಿಗುತ್ತದೆ. ಗಯ ಬರಿದಾದ ಊರಿನವರಿಗೆ ಒಂದು ಲಾರಿ ಮರಿ ತಂದು ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಆದರೆ ಪಡುವಲಕ್ಕೆ ಹರಿಯುವ ನಮ್ಮ ಹೊಳೆಗಳ ಮೀನು ಸಾವಿರಾರು ವರ್ಷ ಈ ನೀರಿನಲ್ಲೇ ಹದಗೊಂಡದ್ದು. ಪಶ್ಚಿಮಘಟ್ಟದ ಪಡುವಣ ಹೊಳೆಗಳಿಗೆ ತಮ್ಮದೇ ಮಲಬಾರ್ ಮಹಶೀರ್ ಇದೆ, ಬ್ರಿಟಿಷ್ ಪ್ರಾಣಿವಿಜ್ಞಾನಿ ಜೆರ್ಡನ್ 1849ರಲ್ಲೇ ಅದನ್ನು ವರ್ಣಿಸಿದ್ದ. ಮೊದಲು ನಮ್ಮ ಗಯಗಳಲ್ಲಿ ಇರುವುದು ಯಾವುದು ಎಂದು ಪ್ರತಿ ಹೊಳೆಯಲ್ಲೂ ಗುರುತು ಹಿಡಿಯಲಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಈ ಕೆಲಸಕ್ಕೆ ಅದಕ್ಕಿಂತ ಹತ್ತಿರದವರು ಯಾರು?

ಕಳೆದ ಮಳೆಗಾಲದ ಆರಂಭದಲ್ಲಿ ಮಾವನ ಮನೆಯ ಕಡೆ ಹೋಗಿದ್ದೆ. ಮಾವ ಈಗಿಲ್ಲ. ಮಳೆ ಬಿದ್ದು ಮೂರನೇ ದಿನ. ಹೊಳೆಗೆ ಸೇರುವ ತೋಡಿನಲ್ಲಿ, ಮುಂಡೇವಿನ ಪೊದೆಯ ಕೆಳಗೆ, ಮೊಣಕಾಲೆತ್ತರದ ಒಂದು ಕಲ್ಲಿನ ಹಂತವಿದೆ. ಅಂಗೈಯಷ್ಟುದ್ದದ ಒಂದು ಮೀನು ಕೆಂಪು ನೀರಿನಿಂದ ಚಿಮ್ಮಿ ಹಂತಕ್ಕೆ ಬಡಿದು ಜಾರಿತು. ಮತ್ತೆ ಚಿಮ್ಮಿತು, ಮತ್ತೆ ಜಾರಿತು. ಮಾವನ ಮೊಮ್ಮಗ ನನ್ನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ, ಹನ್ನೊಂದು ವರ್ಷ. ಅವನ ಇನ್ನೊಂದು ಕೈಯಲ್ಲಿ ಬಲೆಯ ಚೀಲವಿತ್ತು. ನಾಲ್ಕನೆಯ ಸಲ ಮೀನು ಮೇಲಿನ ನೀರಿಗೆ ಬಿದ್ದು, ಬಾಲ ಬೀಸಿ, ಅಡಿಕೆ ಮರಗಳ ನೆರಳಿನಲ್ಲಿ ಕಾಣದಾಯಿತು. "ಹತ್ತಿತು ಮಾವಾ" ಎಂದ ಹುಡುಗ. ಚೀಲ ಬಿಚ್ಚದೆ ಮುಂದಿನ ಮೀನಿಗಾಗಿ ಕಲ್ಲಿನ ಕಡೆಯೇ ನೋಡುತ್ತ ನಿಂತ.